ಮೂರು ಅಂಗಡಿಗೆ ಬಿಗ್ ಡೇಟಾ ಬೇಕಾ? – ಪ್ರತಿಕ್ರಿಯೆ

ಮೂರು ಅಂಗಡಿ ಇದೆ, ನಾಲ್ಕು ವರ್ಷದ ಬಿಲ್ಲಿಂಗ್ ಡೇಟಾ ಇದೆ, ಬಿಗ್ ಡೇಟಾ ಪ್ಲಾಟ್‌ಫಾರ್ಮ್ (ಭಾರೀ ಪ್ರಮಾಣದ ಡೇಟಾ ಸಂಭಾಳಿಸೋ ಸಾಫ್ಟ್‌ವೇರ್) ತಗೊಳ್ಳಿ ಅಂತ ಒಂದು ಕಂಪನಿಯವ್ರು ಹಿಂದೆ ಬಿದ್ದಿದಾರೆ ಅಂದ್ರಲ್ಲ, ನನ್ನ ಕೇಳಿದ್ರೆ ಈಗ್ಲೇ ಬೇಡ. ಎಕ್ಸೆಲ್‌ನ ಒಂದು ಶೀಟಲ್ಲೇ 10,48,576 ಸಾಲು ಹಿಡಿಯತ್ತೆ, ಅದು ದಾಟಿದ್ರೂ ಒಂದು ಸಾಧಾರಣ ಡೇಟಾಬೇಸ್ ಸಾಕು.

ಮೊದ್ಲು ಐಟಂ ಲಿಸ್ಟ್ ತೆಗೆದು ನೋಡಿ. ನಾನು ಈ ಕೆಲ್ಸ ಮಾಡಿದ ಒಂದು ಕಡೆ ಒಂದೇ ನೀಲಿ ಪೆನ್ನು "ಪೆನ್ ಬ್ಲೂ", "ಬ್ಲೂ ಪೆನ್", "ಪೆನ್ 2" ಅಂತ ಮೂರು ಹೆಸರಲ್ಲಿ ಕೂತಿತ್ತು, ಸಾಲದ್ದಕ್ಕೆ ಬಾರ್‌ಕೋಡ್ ಓದ್ದೇ ಇದ್ದಾಗ ಕೌಂಟರಲ್ಲಿರೋರು ಎಲ್ಲಾನೂ "ಇತರೆ"ಗೆ ಹೊಡೀತಿದ್ರು, ಇಂಥ ಡೇಟಾ ಮೇಲೆ ಎಂಥಾ ಎಐ ಕೂರ್ಸಿದ್ರೂ ಅದು ಹೇಳೋದು ಕಣಿನೇ.

ಇನ್ನೊಂದು ತುಂಬಾ ಜನಕ್ಕೆ ಹೊಳೆಯಲ್ಲ. ಮಾಲು ಖಾಲಿ ಇದ್ದ ದಿನ ಸೇಲ್ಸ್ ಸೊನ್ನೆ ಕಾಣ್ಸತ್ತೆ, ಸಾಫ್ಟ್‌ವೇರ್ ಅದನ್ನ "ಯಾರಿಗೂ ಬೇಡ" ಅಂತ ಓದ್ಕೊಂಡು ಮುಂದಿನ ಸಲ ಇನ್ನೂ ಕಮ್ಮಿ ತರ್ಸಿ ಅನ್ನತ್ತೆ, ಮತ್ತೆ ಖಾಲಿ, ಮತ್ತೆ ಸೊನ್ನೆ. ಅದಕ್ಕೇ ದಿನದ ಸ್ಟಾಕ್ ಎಷ್ಟಿತ್ತು ಅನ್ನೋದನ್ನೂ ಸೇವ್ ಮಾಡ್ತಾ ಹೋಗಿ, ಇವತ್ತಿಂದಲೇ.

ಲಾಯಲ್ಟಿ ಕಾರ್ಡ್ (ಮತ್ತೆ ಮತ್ತೆ ಬರೋ ಗಿರಾಕಿಗೆ ಪಾಯಿಂಟು, ರಿಯಾಯ್ತಿ ಕೊಡೋ ಕಾರ್ಡ್) ಬಗ್ಗೆನೂ ಕೇಳಿದ್ರಿ. ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೋ 1995ರಲ್ಲಿ ಇಂಥದ್ದೇ ಕ್ಲಬ್‌ಕಾರ್ಡ್ ತಂದ್ಮೇಲೆ ಅದರ ನಿಜವಾದ ಲಾಭ ಇದ್ದಿದ್ದು ಯಾರು ಏನೇನು ತಗೋತಾರೆ ಅನ್ನೋ ಮಾಹಿತಿಲಿ. ನಿಮಗೆ ಕಾರ್ಡ್ ಬದ್ಲು ಗಿರಾಕಿಯ ಫೋನ್ ನಂಬರ್ ಸಾಕು, ಆದ್ರೆ ಯಾಕೆ ಅಂತ ಹೇಳಿ, ಒಪ್ಪಿದ್ರೆ ಮಾತ್ರ ತಗೊಳ್ಳಿ (ಸುಮ್‌ಸುಮ್ನೆ ಮೆಸೇಜ್ ಬಂದ್ರೆ ನಂಗೂ ಮೈ ಉರಿಯತ್ತೆ).

ಆ ಕಂಪನಿಯವ್ರನ್ನ ಒಂದೇ ಒಂದು ಕೇಳಿ, ನಾವು ಬಿಟ್ಟು ಹೋದ್ರೆ ಡೇಟಾ ಪೂರ್ತಿ ಸಿಎಸ್‌ವಿ ಫೈಲಲ್ಲಿ (ಎಕ್ಸೆಲ್‌ನಲ್ಲೂ ತೆರೆಯೋ ಸಾದಾ ಫೈಲು) ವಾಪಸ್ ಕೊಡ್ತೀರಾ ಅಂತ. ತಡವರಿಸಿದ್ರೆ ಅಲ್ಲೇ ಕೈ ಮುಗಿದುಬಿಡಿ.