ಪುಸ್ತಕದ ಪಕ್ಕದಲ್ಲೇ ಒಂದು ಬೀಜ ಇಡಿ

ನಿಮ್ಮ ಐದು ವರ್ಷದ ಮಗಳು ಬೇಸಾಯದ ಪುಸ್ತಕ ತೆಗೆದರೆ ಎರಡೇ ಪುಟಕ್ಕೆ ಎದ್ದು ಓಡುತ್ತಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. ಪುಸ್ತಕ ಮುಗಿಸಲೇಬೇಕು ಅನ್ನೋ ಹಟ ಬಿಡಿ. ಮೊಳಕೆಯ ಪುಟ ಬಂದಾಗ ನಿಲ್ಲಿಸಿ. ಗಾಜಿನ ಲೋಟದ ಒಳಗೆ ಒದ್ದೆ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಬೀನ್ಸ್ ಬೀಜ ಸಿಕ್ಕಿಸಿ. ಕಾಗದ ಒಣಗಬಾರದು, ಬೀಜ ನೀರಲ್ಲಿ ಮುಳುಗಲೂಬಾರದು, ಅದಕ್ಕೂ ಗಾಳಿ ಬೇಕಲ್ವಾ. ಕೆಲವು ದಿನದಲ್ಲಿ ಸಿಪ್ಪೆ ಒಡೆದು ಮೊದಲು ಬೇರು ಕೆಳಗಿಳಿಯುತ್ತದೆ. ಆಮೇಲೆ ಕಾಂಡ ಬಾಗಿಕೊಂಡೇ ಮೇಲೇಳುತ್ತದೆ. ಆಗ ಅದೇ ಪುಟ ತೆಗೆಯಿರಿ. ಚಿತ್ರದಲ್ಲೂ ಹೀಗೇ ಇದೆಯಾ ಅಂತ ಅವಳೇ ಹುಡುಕಲಿ. ಲೋಟವನ್ನು ಅಡ್ಡ ಮಲಗಿಸಿದರೆ ಬೇರು ಮತ್ತೆ ಕೆಳಕ್ಕೇ ತಿರುಗುತ್ತದೆ, ಇದನ್ನಂತೂ ತಪ್ಪದೇ ತೋರಿಸಿ! ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಬರೆದಿಟ್ಟು, ರಾತ್ರಿ ಮನೆಯವರೆಲ್ಲ ಕೂತು ಅದನ್ನೂ ಓದಿ.