ತೊಗರಿ ಕೈಪಿಡಿಯ ಪುಟಗಳನ್ನು ಚಿತ್ರವಾಗಿಸುವ ಬಗ್ಗೆ: ಮೊದಲು ದಶಾಂಶದ ಚುಕ್ಕೆ ನೋಡಿಕೊಳ್ಳಿ

ಶರಣು ಅಣ್ಣನವರಿಗೆ. ತರಬೇತಿಯಲ್ಲಿ ಕೊಟ್ಟ ತೊಗರಿ ಬೇಸಾಯದ ಹನ್ನೆರಡು ಪುಟಗಳ ಪಿಡಿಎಫ್ ಕೈಪಿಡಿ ನಮ್ಮ ಗುಂಪಿನ ಹಲವರ ಫೋನಿನಲ್ಲಿ ತೆರೆಯುತ್ತಿಲ್ಲ, ಆಳಂದದಲ್ಲಿ ಅಂಗಡಿಗೆ ಹೋದರೆ ಪುಟಕ್ಕಿಷ್ಟು ಎಂದು ದುಡ್ಡು ಕೊಡಬೇಕು, ಮನೆಯ ಕಂಪ್ಯೂಟರಿನಲ್ಲೇ ಅದನ್ನು ಚಿತ್ರವಾಗಿ ಬದಲಿಸುವುದು ಹೇಗೆ ಎಂದು ನಿನ್ನೆ ಕೇಳಿದ್ದಿರಿ. ಅದರ ಜೊತೆಗೆ ನಿಮ್ಮ ತಮ್ಮನವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಮಳೆ ಲೆಕ್ಕದ ವರ್ಡ್ ಫೈಲನ್ನೂ, ಅರ್ಜಿಗೆ ಹಚ್ಚಬೇಕಾದ ಪಹಣಿಯನ್ನೂ ಕೇಳಿದ್ದೀರಿ. ಮೂರಕ್ಕೂ ಒಂದೇ ದಾರಿ ಹೊಂದುವುದಿಲ್ಲವಾದ್ದರಿಂದ ಒಂದೊಂದಾಗಿ ಬರೆಯುತ್ತೇನೆ.

ಪರದೆಯ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಸಾಕಲ್ಲವೇ ಎಂದು ಗುಂಪಿನಲ್ಲಿ ಒಬ್ಬರು ಹೇಳಿದ್ದಾರೆ. ಎರಡು ಸಾಲಿನ ವಿಷಯಕ್ಕೆ ಅದು ಸಾಕು, ಇಡೀ ಪುಟಕ್ಕೆ ಸಾಲದು. ಪಿಡಿಎಫ್ ಫೈಲಿನಲ್ಲಿ ಅಕ್ಷರಗಳು ಸಾಮಾನ್ಯವಾಗಿ ರೇಖೆಗಳ ರೂಪದಲ್ಲಿ ಇರುವುದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಚಿತ್ರದ ಫೈಲಿನಲ್ಲಾದರೋ ಇರುವುದು ಎಣಿಸಿಟ್ಟ ಚುಕ್ಕೆಗಳು ಮಾತ್ರ, ಬದಲಿಸುವ ಹೊತ್ತಿನಲ್ಲಿ ಸಿಗದ ಚುಕ್ಕೆಯನ್ನು ಆಮೇಲೆ ಯಾರೂ ತಂದು ತುಂಬಲಾರರು. ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆ 1366 ಚುಕ್ಕೆ ಅಗಲ, 768 ಚುಕ್ಕೆ ಎತ್ತರದ್ದು. ಅದರಲ್ಲಿ ಎ4 ಅಳತೆಯ ಒಂದು ಪುಟವನ್ನು ಪೂರ್ತಿ ಕಾಣುವಂತೆ ಇಟ್ಟರೆ ಇಂಚಿಗೆ ಸುಮಾರು 65 ಚುಕ್ಕೆಗಳಷ್ಟೇ ಸಿಗುತ್ತವೆ. ಅಷ್ಟರಲ್ಲಿ ‘ದ’ಕಾರಕ್ಕೂ ‘ಧ’ಕಾರಕ್ಕೂ ನಡುವಿನ ಸಣ್ಣ ಸೀಳು ಮುಚ್ಚಿಹೋಗುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಅಂಟಿಕೊಳ್ಳುತ್ತವೆ, ದಶಾಂಶದ ಚುಕ್ಕೆ ಇದ್ದೂ ಇಲ್ಲದಂತಾಗುತ್ತದೆ.

ಈ ದಶಾಂಶದ ಚುಕ್ಕೆಯ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕಾಯಿಕೊರಕದ ಸಿಂಪಡಣೆಯ ಕೋಷ್ಟಕವೊಂದನ್ನು ನಾನು ಹಿಂದೆ ಹೀಗೆಯೇ ಅವಸರದಲ್ಲಿ ಚಿತ್ರ ಮಾಡಿ ಹಂಚಿದ್ದೆ. ಲೀಟರಿಗೆ 0.2 ಗ್ರಾಂ ಎಂದಿದ್ದದ್ದು ಪಕ್ಕದ ಹೊಲದವರ ಫೋನಿನಲ್ಲಿ 02 ಗ್ರಾಂ ಎಂದು ಕಂಡಿತು. ಪುಣ್ಯಕ್ಕೆ ಅವರು ಪಂಪಿಗೆ ಹಾಕುವ ಮುಂಚೆ ಒಂದು ಮಾತು ಕೇಳಿದರು. ಕೇಳದಿದ್ದರೆ ಹತ್ತು ಪಟ್ಟು ಔಷಧ ಬೀಳುತ್ತಿತ್ತು. ಅಂದಿನಿಂದ ಯಾವ ಪುಟ ಬದಲಿಸಿದರೂ ಅದರಲ್ಲಿನ ಅತ್ಯಂತ ಚಿಕ್ಕ ಅಂಕಿಯನ್ನು ಹುಡುಕಿ, ಅದು ಸ್ಪಷ್ಟವಾಗಿ ಕಂಡ ಮೇಲೆಯೇ ಮುಂದಿನ ಪುಟಕ್ಕೆ ಹೋಗುತ್ತೇನೆ.

ಕೈಪಿಡಿಗೆ ನಾನು ಬಳಸುವುದು ಗಿಂಪ್ ಎಂಬ ಉಚಿತ ತಂತ್ರಾಂಶವನ್ನು. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಎರಡರಲ್ಲೂ ನಡೆಯುತ್ತದೆ; ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಕಿಲ್ಲ. ಅದರಲ್ಲಿ ಪಿಡಿಎಫ್ ಫೈಲನ್ನು ತೆರೆದ ಕೂಡಲೇ ಯಾವ ಪುಟಗಳು ಬೇಕು, ಅವು ಒಂದೇ ಚಿತ್ರದ ಪದರಗಳಾಗಬೇಕೋ ಬೇರೆ ಬೇರೆ ಚಿತ್ರಗಳಾಗಬೇಕೋ, ರೆಸಲ್ಯೂಶನ್ (ಇಂಚಿಗೆ ಎಷ್ಟು ಚುಕ್ಕೆ ಎಂಬುದು) ಎಷ್ಟು ಎಂದು ಕೇಳುವ ಚಿಕ್ಕ ಕಿಟಕಿ ಬರುತ್ತದೆ. ಬೇರೆ ಬೇರೆ ಚಿತ್ರಗಳು ಎಂಬುದನ್ನೇ ಆರಿಸಿಕೊಳ್ಳಿ. ರೆಸಲ್ಯೂಶನ್ ಜಾಗದಲ್ಲಿ ಮೊದಲೇ ಇರುವ ಅಂಕಿಯನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವುದೇ ಎಲ್ಲರೂ ಮಾಡುವ ತಪ್ಪು. ಅಲ್ಲಿ 100 ಎಂದಿದ್ದರೆ ಎ4 ಪುಟವು 827 ಅಗಲ, 1169 ಎತ್ತರದ ಚುಕ್ಕೆಗಳ ಚಿತ್ರವಾಗುತ್ತದೆ. 200 ಎಂದು ಬರೆದರೆ 1654 ಮತ್ತು 2339, 300 ಎಂದು ಬರೆದರೆ 2480 ಮತ್ತು 3508 ಆಗುತ್ತದೆ. ಫೋನಿನಲ್ಲಿ ಓದುವುದಕ್ಕೆ 200 ಸಾಕು. ಸಣ್ಣ ಅಕ್ಷರದ ಕೋಷ್ಟಕವಿರುವ ಪುಟಕ್ಕೆ ಮತ್ತು ಮುದ್ರಿಸಬೇಕಾದ ಪುಟಕ್ಕೆ 300 ಇರಲಿ. ಎಲ್ಲಕ್ಕೂ 600 ಕೊಟ್ಟುಬಿಡೋಣ ಎಂಬ ಆಸೆ ಬೇಡ, ಏಕೆಂದರೆ 300ರಲ್ಲೇ ಒಂದು ಬಣ್ಣದ ಪುಟ ಕಂಪ್ಯೂಟರಿನ ಮೆಮೊರಿಯಲ್ಲಿ ಕನಿಷ್ಠ 26 ಎಂಬಿ ಹಿಡಿಯುತ್ತದೆ. ಹನ್ನೆರಡು ಪುಟ ಒಟ್ಟಿಗೆ ತೆರೆದರೆ ನಮ್ಮಂಥವರ ಮನೆಯ ಹಳೆಯ ಯಂತ್ರ ಎತ್ತು ಏರಿಗೆ ನಿಂತ ಹಾಗೆ ನಿಂತುಬಿಡುತ್ತದೆ. ನಾನು ನಾಲ್ಕು ನಾಲ್ಕು ಪುಟಗಳಂತೆ ಮಾಡುತ್ತೇನೆ. ಯಾರೋ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಿದ ಪುಟವಾಗಿದ್ದರೆ ಅದರೊಳಗೆ ಇರುವುದೇ ಚಿತ್ರವಾದ್ದರಿಂದ, ಅವರು ಸ್ಕ್ಯಾನ್ ಮಾಡಿದ್ದಕ್ಕಿಂತ ಹೆಚ್ಚಿನ ಅಂಕಿ ಕೊಟ್ಟರೂ ಫೈಲು ಭಾರವಾದೀತೇ ಹೊರತು ಅಕ್ಷರ ತಿಳಿಯಾಗುವುದಿಲ್ಲ.

ಪುಟ ತೆರೆದ ಮೇಲೆ ಇಮೇಜ್ ಮೆನುವಿನಲ್ಲಿ ಫ್ಲಾಟನ್ ಎಂಬುದನ್ನು ಒತ್ತಿಬಿಡಿ. ಕೆಲವು ಪುಟಗಳ ಹಿನ್ನೆಲೆ ಬಿಳಿಯಾಗಿರದೆ ಪಾರದರ್ಶಕವಾಗಿರುತ್ತದೆ, ಅಂಥ ಚಿತ್ರವನ್ನು ಫೋನಿನ ಕಪ್ಪು ಪರದೆಯ ಮೇಲೆ ತೆರೆದರೆ ಕಪ್ಪು ಅಕ್ಷರ ಕಪ್ಪಿನಲ್ಲೇ ಮುಳುಗುತ್ತದೆ. ಆಮೇಲೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆಸ್ ಮೂಲಕ ಉಳಿಸಬೇಕು. ಬರೀ ಸೇವ್ ಕೊಟ್ಟರೆ ಗಿಂಪ್ ತನ್ನದೇ ಬಗೆಯ ಫೈಲ್ ಮಾಡಿಕೊಡುತ್ತದೆ, ಅದು ಫೋನಿನಲ್ಲಿ ತೆರೆಯುವುದಿಲ್ಲ. ಹೆಸರಿನ ಕೊನೆಗೆ ಪಿಎನ್‌ಜಿ (.png) ಎಂದು ಬರೆಯಬೇಕೋ ಜೆಪಿಜಿ (.jpg) ಎಂದು ಬರೆಯಬೇಕೋ ಎಂಬುದು ಪುಟವನ್ನು ನೋಡಿ ನಿರ್ಧರಿಸುವ ವಿಷಯ. ಜೆಪಿಜಿ ವಿಧಾನವು ಚಿತ್ರವನ್ನು ಅಡ್ಡ 8, ಉದ್ದ 8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಟ್ಟುಕೊಟ್ಟು ಗಾತ್ರ ಇಳಿಸುತ್ತದೆ. ಹುಳದ ಫೋಟೋ, ಗೊಡ್ಡು ರೋಗ ತಗುಲಿದ ಗಿಡದ ಫೋಟೋ ಇರುವ ಪುಟಕ್ಕೆ ಇದು ಸರಿ. ಬಿಳಿಯ ಮೇಲೆ ಕಪ್ಪು ಅಕ್ಷರವಿದ್ದಲ್ಲಿ ಮಾತ್ರ ಈ ಬಿಟ್ಟುಕೊಡುವಿಕೆಯೇ ಅಕ್ಷರದ ಸುತ್ತ ಧೂಳಿನಂತೆ ಕಾಣುತ್ತದೆ, ಆ ಧೂಳಿನಲ್ಲಿ ನಮ್ಮ ದಶಾಂಶದ ಚುಕ್ಕೆಯೂ ಸೇರಿಹೋಗಬಹುದು. ಪಿಎನ್‌ಜಿ ಏನನ್ನೂ ಬಿಡುವುದಿಲ್ಲ, ಬರೀ ಅಕ್ಷರದ ಪುಟಕ್ಕೆ ಅದರ ಗಾತ್ರವೂ ಅಂಥ ಭಾರವಾಗುವುದಿಲ್ಲ. ಆದ್ದರಿಂದ ಕೋಷ್ಟಕದ ಪುಟಗಳಿಗೆ ಪಿಎನ್‌ಜಿ, ಫೋಟೋ ತುಂಬಿದ ಪುಟಗಳಿಗೆ 85ರಿಂದ 90ರ ಗುಣಮಟ್ಟದ ಜೆಪಿಜಿ ಎಂಬುದು ನನ್ನ ಲೆಕ್ಕ. ಹೆಸರಿಡುವಾಗ 01, 02 ಎಂದು ಎರಡು ಅಂಕಿಗಳಲ್ಲಿ ಇಡಿ, ಇಲ್ಲವಾದರೆ ಕೆಲವು ಫೋನುಗಳಲ್ಲಿ 1ರ ಬೆನ್ನಿಗೇ 10 ಬಂದು ನಿಲ್ಲುತ್ತದೆ.

ಅಂಗೈಯಗಲದ ಫೋನಿನಲ್ಲಿ ಇಡೀ ಎ4 ಪುಟ ಓದುವುದು ವಯಸ್ಸಾದವರಿಗೆ ಕಷ್ಟ. ನೆಟೆ ರೋಗದ ಭಾಗ, ಬೀಜೋಪಚಾರದ ಭಾಗ, ಸಿಂಪಡಣೆಯ ಕೋಷ್ಟಕ ಇವನ್ನು ಕ್ರಾಪ್ ಮಾಡಿ ಬೇರೆ ಬೇರೆ ಚಿತ್ರಗಳಾಗಿಸಿದರೆ ಅವರು ಬೆರಳಿನಿಂದ ಹಿಗ್ಗಿಸುವ ಗೋಜೇ ಇರುವುದಿಲ್ಲ. ಇಷ್ಟೆಲ್ಲ ಮಾಡಿ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಮತ್ತೆ ಗಾತ್ರ ಕುಗ್ಗಿಸಿಬಿಡುತ್ತದೆ. ಕೋಷ್ಟಕಗಳನ್ನು ಡಾಕ್ಯುಮೆಂಟ್ ಎಂದೇ ಕಳಿಸಿ, ಉಳಿದವನ್ನು ಎಚ್‌ಡಿ ಎಂದು ಆರಿಸಿ ಕಳಿಸಿದರೆ ನಡೆಯುತ್ತದೆ.

ಮಳೆ ಲೆಕ್ಕದ ಫೈಲಿನ ತೊಡಕು ಬೇರೆ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಹೊಂದುವ ಅಕ್ಷರ ಸಂಕೇತ) ಅಲ್ಲದ್ದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ನಿಮ್ಮ ತಮ್ಮನವರ ಕಂಪ್ಯೂಟರಿನಲ್ಲೇ ವರ್ಡ್‌ನಿಂದ ಪಿಡಿಎಫ್ ಆಗಿ ಉಳಿಸಿಕೊಂಡು, ಆಮೇಲೆ ಮೇಲಿನ ದಾರಿಯಲ್ಲಿ ಚಿತ್ರ ಮಾಡಿ. ಪಿಡಿಎಫ್ ಫೈಲನ್ನು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ಚಿತ್ರ ಮಾಡುವವರೂ ಇದ್ದಾರೆ, ಆದರೆ ಅದು ಅಕ್ಷರಗಳನ್ನು ಮತ್ತೆ ಜೋಡಿಸಲು ಹೋಗುವುದರಿಂದ ಕನ್ನಡದ ಒತ್ತುಗಳು ಸ್ಥಾನ ತಪ್ಪಿದ್ದನ್ನು ನಾನು ಕಂಡಿದ್ದೇನೆ.

ಪಹಣಿಯ ವಿಷಯದಲ್ಲಿ, ಡಿಜಿಟಲ್ ಸಹಿ ಇರುವ ಪಿಡಿಎಫ್ ಚಿತ್ರವಾದ ಕೂಡಲೇ ಸಹಿಯನ್ನು ಪರೀಕ್ಷಿಸುವ ಗುಣ ಹೋಗಿಬಿಡುತ್ತದೆ, ಉಳಿಯುವುದು ಸಹಿಯ ಗುರುತಿನ ಚಿತ್ರ ಮಾತ್ರ. ಮೂಲ ಪಿಡಿಎಫ್ ಅಳಿಸಬೇಡಿ. ಅರ್ಜಿಯಲ್ಲಿ ಪಿಡಿಎಫ್ ಹಚ್ಚಲು ಅವಕಾಶವಿದ್ದರೆ ಅದನ್ನೇ ಹಚ್ಚಿ. ಜೆಪಿಜಿಯೇ ಬೇಕು, ಇಂತಿಷ್ಟು ಕೆಬಿಯೊಳಗೆ ಇರಬೇಕು ಎಂದಿದ್ದರೆ ರೆಸಲ್ಯೂಶನ್ 150ರಲ್ಲಿ ತೆರೆದು, ಗ್ರೇಸ್ಕೇಲ್ (ಬಣ್ಣವಿಲ್ಲದ ಕಪ್ಪು ಬಿಳುಪು) ಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಗುಣಮಟ್ಟವನ್ನು 90ರಿಂದ ಮೆಲ್ಲಗೆ ಇಳಿಸುತ್ತ ಬನ್ನಿ. ಮುನ್ನೋಟದ ಗುರುತು ಹಾಕಿದರೆ ಗಾತ್ರ ಅಲ್ಲೇ ಕಾಣುತ್ತದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವನ್ನು ಉಚಿತವಾಗಿ ಬದಲಿಸಿಕೊಡುತ್ತೇವೆ ಎನ್ನುವ ಜಾಲತಾಣಗಳಿಗೆ ಏರಿಸುವುದು ನನಗೆ ಸರಿಬರುವುದಿಲ್ಲ, ನಮ್ಮ ಕಾಗದ ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಮಗೆ ಕಾಣುವುದಿಲ್ಲ. ಬರೀ ಗುರುತಿಗಾಗಿ ಆಧಾರ್ ಕೇಳಿದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನು ಇಳಿಸಿಕೊಂಡು ಅದನ್ನೇ ಬಳಸಿ.

ಹನ್ನೆರಡೂ ಪುಟ ಮಾಡಿ ಕೂರುವ ಮುಂಚೆ ಸಿಂಪಡಣೆಯ ಪುಟವೊಂದನ್ನೇ ಮಾಡಿ ನನಗೆ ಕಳಿಸಿ. ನಮ್ಮ ಮನೆಯಲ್ಲಿ ತಂದೆಯವರ ಹಳೆಯ ಫೋನ್ ಇದೆ, ಅದರಲ್ಲಿ ಅವರ ಕೈಯಲ್ಲೇ ಅಂಕಿಗಳನ್ನು ಓದಿಸಿ ಸಂಜೆಯೊಳಗೆ ತಿಳಿಸುತ್ತೇನೆ.