ಪೋಪ್ ಖುದ್ದಾಗಿ ಯುದ್ಧಕ್ಕೆ ಹೋಗಿದ್ದು ನಿಜಾನಾ?

ಪೋಪ್ ಒಬ್ಬರು ತಾವೇ ದಂಡಿನ ಜೊತೆ ಹೋಗಿದ್ದರು ಅನ್ನೋದು ಕಟ್ಟುಕಥೆಯಾ ಅಂತ ಕೇಳಿದ್ದೀರಿ. ಅಲ್ಲ, ನಿಜ. ಅವರು ಎರಡನೇ ಜೂಲಿಯಸ್. ಆಗಿನ ಪೋಪ್ ಧರ್ಮಗುರು ಮಾತ್ರ ಅಲ್ಲ, ಮಧ್ಯ ಇಟಲಿಯ ದೊರೆಯೂ ಹೌದು. 1511ರ ಜನವರಿಯಲ್ಲಿ, ಹಿಮ ಸುರಿಯುವಾಗ, ಉತ್ತರ ಇಟಲಿಯ ಮಿರಾಂಡೋಲಾ ಕೋಟೆಯ ಮುತ್ತಿಗೆಯಲ್ಲಿ ಅವರಿದ್ದರು. ಕೋಟೆ ಶರಣಾದ ಮೇಲೆ ಬಾಗಿಲು ತೆಗೆಯೋವರೆಗೂ ಕಾಯಲಿಲ್ಲ, ಏಣಿ ಹತ್ತಿ ಒಳಗೆ ಹೋದರು. ಅರವತ್ತು ದಾಟಿದ ಮುದುಕ!

ಇತ್ತ ರೋಮಿನಲ್ಲಿ ಪೋಪರ ಪ್ರಾರ್ಥನಾ ಮಂದಿರ ಸಿಸ್ಟೈನ್ ಚಾಪೆಲ್‌ನ ಚಾವಣಿಯ ಚಿತ್ರದ ಕೆಲಸ ದುಡ್ಡಿಲ್ಲದೆ ನಿಂತಿತ್ತು. ಹಣ ಕೇಳೋಕೆ ಅದನ್ನು ಬಿಡಿಸುತ್ತಿದ್ದ ಕಲಾವಿದ ಮೈಕೆಲ್‌ಏಂಜೆಲೋ, ಪೋಪ್ ಬೀಡುಬಿಟ್ಟಿದ್ದ ಬೊಲೊನ್ಯಾ ಊರಿನವರೆಗೂ ಅಲೆಯಬೇಕಾಯಿತು. ಅದೇ ಊರಲ್ಲಿ ಅವನು ಮಾಡಿದ್ದ ಪೋಪರ ಕಂಚಿನ ಪ್ರತಿಮೆಯನ್ನು 1511ರ ಕೊನೆಗೆ ವಿರೋಧಿಗಳು ಉರುಳಿಸಿದರು. ಪೋಪರ ಶತ್ರುವಾಗಿದ್ದ ಫೆರಾರಾದ ಡ್ಯೂಕ್ (ಅಲ್ಲಿನ ದೊರೆ) ಆ ಕಂಚನ್ನು ಕರಗಿಸಿ ಫಿರಂಗಿ ಮಾಡಿಸಿದ. ಹೆಸರು ಏನಿಟ್ಟ ಗೊತ್ತಾ? ‘ಜೂಲಿಯಾ’.